ವಿಂಶೋತ್ತರಿ ದಶೆಯೂ ಸಭೆಯ ಉತ್ತರವೂ: ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದೆ ನಾವು ಗ್ರಾಮಸಭೆಯೊಂದರ ಸೇವೆಯಲ್ಲಿದ್ದಾಗ ತಾಯಿಯೊಬ್ಬರು ಸಂಜೆಯ ಹೊತ್ತಿಗೆ ಮನೆಗೆ ಬಂದು, ಸೆರಗಿನ ಮರೆಯಿಂದ ಮಡಚಿದ ಕಾಗದವೊಂದನ್ನು ತೆಗೆದು ನಮ್ಮ ಮುಂದಿಟ್ಟರು. ಅದು ಅವರ ಮಗಳ ಜಾತಕ. ತವರಿನ ಕಡೆಯವರು ಬರೆಯಿಸಿ ಕೊಟ್ಟದ್ದು. ಮಗಳು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ವಯಸ್ಸು ಮೂವತ್ತೊಂದು. ಎರಡು ಸಾರಿ ನಿಶ್ಚಯವಾದ ಮದುವೆ ಮುರಿದಿತ್ತು. ಎರಡನೆಯದು ಮುರಿದದ್ದು ನಕ್ಷತ್ರದ ಸುದ್ದಿ ಗಂಡಿನವರ ಕಿವಿಗೆ ಬಿದ್ದ ಮೇಲೆ. ಆ ಗಂಡಿನವರೂ ನಮ್ಮ ಸಭೆಯ ಸದಸ್ಯರೇ ಆಗಿದ್ದರೆಂಬುದನ್ನು ಇಲ್ಲಿ ಮುಚ್ಚಿಡುವ ಕಾರಣವಿಲ್ಲ. ಜೋಯಿಸರೊಬ್ಬರು ಜಾತಕವನ್ನು ನೋಡಿ, ಈಗ ಚಂದ್ರದಶೆಯಲ್ಲಿ ರಾಹುಭುಕ್ತಿ ನಡೆಯುತ್ತಿದೆ, ಅದು ಮುಗಿದು ಗುರುಭುಕ್ತಿ ಬಂದಾಗ ಕಂಕಣಬಲ ಕೂಡಿಬರುತ್ತದೆ ಎಂದಿದ್ದರಂತೆ. ತಾಯಿ ಕೇಳಿದ ಪ್ರಶ್ನೆ ಒಂದೇ: "ಅಯ್ಯನವರೇ, ಇನ್ನು ಹನ್ನೊಂದು ತಿಂಗಳು ಅಂತ ಅವರು ಹೇಳಿದರು. ನೀವು ಏನು ಹೇಳ್ತೀರಿ?"

ನಾವು ಆಗ ಹೇಳಿದ್ದು ಸೆಮಿನರಿಯಲ್ಲಿ ಕಲಿತದ್ದನ್ನೇ. ನಕ್ಷತ್ರಗಳು ಸೃಷ್ಟಿಗಳು, ಅವುಗಳಿಗೆ ಅಧಿಕಾರವಿಲ್ಲ. ಯೆಶಾಯನು ಬಾಬೆಲಿನ ಜೋಯಿಸರನ್ನು ಹಾಸ್ಯ ಮಾಡಿದ್ದಾನೆ. ವಿಶ್ವಾಸಿಗೆ ಇದು ತಕ್ಕದ್ದಲ್ಲ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲವೆಂಬುದು ಆ ತಾಯಿ ಕಾಗದವನ್ನು ಮತ್ತೆ ಮಡಚಿದ ರೀತಿಯಿಂದಲೇ ತಿಳಿಯಿತು. ದಶಾಪದ್ಧತಿಯನ್ನು ಕುರಿತು ನಮ್ಮ ಸಭೆಗಳಲ್ಲಿ ರೂಢಿಯಲ್ಲಿರುವ ಖಂಡನೆಗಳನ್ನು ಮರುಪರಿಶೀಲಿಸಬೇಕೆಂಬ ಈ ಲೇಖನದ ಅಪೇಕ್ಷೆ ಅಲ್ಲಿಂದ ಹುಟ್ಟಿದ್ದು.

ಖಂಡಿಸುವ ಮೊದಲು ಆ ಶಾಸ್ತ್ರವು ತನ್ನನ್ನು ತಾನು ಹೇಗೆ ತಿಳಿದುಕೊಂಡಿದೆಯೋ ಹಾಗೆ ಅದನ್ನು ಓದುವುದು ನ್ಯಾಯ. ವಿಂಶೋತ್ತರಿ ಎಂದರೆ ನೂರಿಪ್ಪತ್ತು ವರ್ಷಗಳ ಚಕ್ರ. ಕಲಿಯುಗದಲ್ಲಿ ಮನುಷ್ಯನ ಪೂರ್ಣಾಯುಸ್ಸು 120 ವರ್ಷವೆಂದು ಇಟ್ಟುಕೊಂಡು, ಅದನ್ನು ಒಂಬತ್ತು ಗ್ರಹಗಳಿಗೆ ಹಂಚಲಾಗಿದೆ: ಕೇತುವಿಗೆ 7, ಶುಕ್ರನಿಗೆ 20, ಸೂರ್ಯನಿಗೆ 6, ಚಂದ್ರನಿಗೆ 10, ಕುಜನಿಗೆ 7, ರಾಹುವಿಗೆ 18, ಗುರುವಿಗೆ 16, ಶನಿಗೆ 19, ಬುಧನಿಗೆ 17. ಇಪ್ಪತ್ತೇಳು ನಕ್ಷತ್ರಗಳೂ ಇದೇ ಕ್ರಮದಲ್ಲಿ ಮೂರು ಮೂರರಂತೆ ಈ ಒಂಬತ್ತು ಅಧಿಪತಿಗಳಿಗೆ ಸೇರುತ್ತವೆ. ಅಶ್ವಿನಿ, ಮಖೆ, ಮೂಲಾ ಕೇತುವಿನವು, ಭರಣಿ, ಹುಬ್ಬೆ, ಪೂರ್ವಾಷಾಢ ಶುಕ್ರನವು, ಹೀಗೆ. ಮಗು ಹುಟ್ಟಿದ ಕ್ಷಣದಲ್ಲಿ ಚಂದ್ರನು ಯಾವ ನಕ್ಷತ್ರದಲ್ಲಿದ್ದನೋ ಅದರ ಅಧಿಪತಿಯ ದಶೆಯಿಂದ ಬದುಕು ಆರಂಭವಾಗುತ್ತದೆ. ಆ ನಕ್ಷತ್ರದ 13 ಡಿಗ್ರಿ 20 ಕಲೆಗಳಲ್ಲಿ ಚಂದ್ರನು ದಾಟಿದ ಭಾಗವನ್ನು ಕಳೆದು, ಉಳಿದ ಭಾಗಕ್ಕೆ ಸರಿಯಾಗಿ ದಶಾಶೇಷವನ್ನು ಎಣಿಸುತ್ತಾರೆ. ಪ್ರತಿಯೊಂದು ಮಹಾದಶೆಯೂ ಮತ್ತೆ ಅದೇ ಪ್ರಮಾಣದಲ್ಲಿ ಒಂಬತ್ತು ಭುಕ್ತಿಗಳಾಗಿ ಒಡೆಯುತ್ತದೆ. ಆ ಹೆಣ್ಣುಮಗಳಿಗೆ ಹುಟ್ಟುವಾಗ ಕೇತುದಶೆಯಲ್ಲಿ ಮೂರು ವರ್ಷ ಉಳಿದಿದ್ದವು. ಇಪ್ಪತ್ತಮೂರರವರೆಗೆ ಶುಕ್ರ, ಇಪ್ಪತ್ತೊಂಬತ್ತರವರೆಗೆ ಸೂರ್ಯ, ಅನಂತರ ಚಂದ್ರ. ಚಂದ್ರನ ಹತ್ತು ವರ್ಷಗಳಲ್ಲಿ ಮೊದಲು ಅವನದೇ ಹತ್ತು ತಿಂಗಳು, ಕುಜನ ಏಳು ತಿಂಗಳು, ಆಮೇಲೆ ರಾಹುವಿನ ಒಂದೂವರೆ ವರ್ಷ. ಹನ್ನೊಂದು ತಿಂಗಳೆಂದು ಜೋಯಿಸರು ಹೇಳಿದ್ದು ಬಾಯಿಗೆ ಬಂದ ಮಾತಲ್ಲ. ಲೆಕ್ಕ ಅವರ ಶಾಸ್ತ್ರದ ಪ್ರಕಾರ ಸರಿಯಾಗಿಯೇ ಇತ್ತು.

ಇಲ್ಲಿ ನಮ್ಮವರು ಮಾಡುವ ಒಂದು ತಪ್ಪನ್ನು ತಿದ್ದಬೇಕು. ಪ್ರಸಂಗಗಳಲ್ಲಿ ಶನಿದಶೆಯನ್ನೂ ಏಳೂವರೆ ವರ್ಷದ ಶನಿಕಾಟವನ್ನೂ ಒಂದೇ ಎಂಬಂತೆ ಹೇಳುವುದುಂಟು. ಎರಡನೆಯದು ಗೋಚಾರ: ಆಕಾಶದಲ್ಲಿ ಶನಿಯು ಈಗ ಇರುವ ಸ್ಥಾನವನ್ನು ಜನ್ಮರಾಶಿಗೆ ಹೋಲಿಸಿ ನೋಡುವ ಕ್ರಮ. ದಶೆ ಹಾಗಲ್ಲ. ಹುಟ್ಟಿದ ಕ್ಷಣದ ಚಂದ್ರಸ್ಥಾನದಿಂದ ಹೊರಟ ಮೇಲೆ ಅದು ಆಕಾಶವನ್ನು ಮತ್ತೆ ತಲೆಯೆತ್ತಿ ನೋಡುವುದೇ ಇಲ್ಲ; ಅದು ಪೂರ್ತಿಯಾಗಿ ಎಣಿಕೆ. ಈ ಭೇದವನ್ನು ಅರಿಯದೆ ವೇದಿಕೆಯ ಮೇಲೆ ನಿಂತು ಖಂಡಿಸುವ ಬೋಧಕನನ್ನು, ಜಾತಕ ಓದಬಲ್ಲ ಸಭಿಕರು ಮೌನವಾಗಿ ಅಳೆದುಬಿಡುತ್ತಾರೆ.

ಈ ಎಣಿಕೆಗೆ ಒಳಗಿನಿಂದಲೇ ಹುಟ್ಟುವ ತೊಡಕುಗಳಿವೆ, ಅವು ಚಿಕ್ಕವಲ್ಲ. ಚಂದ್ರನು ಒಂದು ನಕ್ಷತ್ರವನ್ನು ದಾಟಲು ಸುಮಾರು ಒಂದು ದಿನ ಬೇಕು. ಹಾಗಾದರೆ ಪುಷ್ಯ ನಕ್ಷತ್ರದಲ್ಲಿ ಹುಟ್ಟಿದವನ ಜನ್ಮಸಮಯದಲ್ಲಿ ಒಂದು ಗಂಟೆ ತಪ್ಪಿದರೆ, ಅವನ ಶನಿದಶೆಯ ಕೊನೆಯೂ, ಅದರ ಹಿಂದೆ ಬರುವ ಪ್ರತಿಯೊಂದು ದಶೆಯ ಮೊದಲೂ ಕೊನೆಯೂ ಒಂಬತ್ತು ತಿಂಗಳಿಗಿಂತ ಹೆಚ್ಚು ಅತ್ತಿತ್ತ ಸರಿಯುತ್ತವೆ. ಸೂಲಗಿತ್ತಿಯ ಕೈಯಲ್ಲಿ, ಗಡಿಯಾರವಿಲ್ಲದ ಮನೆಯಲ್ಲಿ ಹುಟ್ಟಿದ ತಲೆಮಾರುಗಳ ಜಾತಕಗಳನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ಅಯನಾಂಶದ ವಿವಾದ ಇನ್ನೂ ಆಳವಾದದ್ದು. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟ ಮೇಲೆ ಲಾಹಿರಿ ಅಯನಾಂಶ ಬಹುಮಟ್ಟಿಗೆ ರೂಢಿಗೆ ಬಂದಿತು. ಆದರೆ ನಮ್ಮ ಬೆಂಗಳೂರಿನ ಬಿ. ವಿ. ರಾಮನ್ ಅವರು ಬಳಸಿದ ಅಯನಾಂಶ ಅದರಿಂದ ಸುಮಾರು ಒಂದೂವರೆ ಡಿಗ್ರಿಯಷ್ಟು ಬೇರೆ. ಶುಕ್ರದಶೆಯಲ್ಲಿ ಹುಟ್ಟಿದವನಿಗೆ ಈ ಅಂತರವು ಎರಡು ವರ್ಷಕ್ಕೂ ಮಿಗಿಲಾದ ವ್ಯತ್ಯಾಸವನ್ನು ತರುತ್ತದೆ. ವರ್ಷವೆಂದರೆ 360 ದಿನವೇ, ಸೌರವರ್ಷವೇ ಎಂಬ ಪ್ರಶ್ನೆಯೂ ಇದೆ. ವರಾಹಮಿಹಿರನ ಬೃಹಜ್ಜಾತಕದಲ್ಲಿರುವುದು ವಿಂಶೋತ್ತರಿಯಲ್ಲ, ಬೇರೊಂದು ದಶಾಕ್ರಮ. ಪರಾಶರರ ಹೆಸರಿನ ಹೋರಾಗ್ರಂಥವಾದರೋ ವಿಂಶೋತ್ತರಿಯ ಪಕ್ಕದಲ್ಲೇ 108 ವರ್ಷಗಳ ಅಷ್ಟೋತ್ತರಿ, 36 ವರ್ಷಗಳ ಯೋಗಿನಿ ಮೊದಲಾದ ಹಲವು ದಶೆಗಳನ್ನು ಹೇಳುತ್ತದೆ. ಒಬ್ಬನೇ ಮನುಷ್ಯನು ಒಂದೇ ದಿನ ಒಂದು ಲೆಕ್ಕದಲ್ಲಿ ಗುರುವಿನ ಕೈಕೆಳಗೂ ಮತ್ತೊಂದರಲ್ಲಿ ರಾಹುವಿನ ಕೈಕೆಳಗೂ ಇರಬಹುದು.

(120 ಎಂಬ ಸಂಖ್ಯೆಯನ್ನು ಕಂಡೊಡನೆ ಆದಿಕಾಂಡದ ಆರನೆಯ ಅಧ್ಯಾಯವನ್ನೂ ಮೋಶೆಯ ಆಯುಸ್ಸನ್ನೂ ತಂದು ಜೋಡಿಸಿ ಸಂತೋಷಪಡುವ ಬೋಧಕರಿದ್ದಾರೆ. ಅದೇ ಮೋಶೆಯ ಹೆಸರಿನ ತೊಂಬತ್ತನೆಯ ಕೀರ್ತನೆ ಎಪ್ಪತ್ತು, ಹೆಚ್ಚೆಂದರೆ ಎಂಬತ್ತು ಎನ್ನುತ್ತದೆ. ಅಂಥ ಜೋಡಣೆಗಳಿಂದ ಯಾರಿಗೂ ಉಪಯೋಗವಿಲ್ಲ.)

ಇಷ್ಟೆಲ್ಲ ದೋಷಗಳನ್ನು ಎಣಿಸಿ ತೋರಿಸಿದರೆ ದಶೆಯ ಹಿಡಿತ ಸಡಿಲುತ್ತದೆಯೇ? ಇಲ್ಲವೆಂದೇ ನಮ್ಮ ಅನುಭವ. ಜಯಂತ ನಾರ್ಳೀಕರರು ಮತ್ತು ಅವರ ಜೊತೆಗಾರರು ಇನ್ನೂರು ಮಕ್ಕಳ ಜಾತಕಗಳನ್ನು ಜ್ಯೋತಿಷಿಗಳ ಮುಂದಿಟ್ಟು, ಬುದ್ಧಿವಂತ ಮಕ್ಕಳಾರು, ಬುದ್ಧಿಮಾಂದ್ಯವುಳ್ಳವರಾರು ಎಂದು ಗುರುತಿಸಲು ಹೇಳಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಗಿ ಬಹಳ ಕಾಲವಾಯಿತು. ಜ್ಯೋತಿಷಿಗಳ ಉತ್ತರಗಳು ನಾಣ್ಯ ಚಿಮ್ಮಿ ಹೇಳಿದಷ್ಟೂ ಸರಿಹೋಗಲಿಲ್ಲ. ಜೋಯಿಸರ ಜಗಲಿಯಲ್ಲಿ ಕುಳಿತವರ ಸಂಖ್ಯೆ ಅದರಿಂದ ಕಡಿಮೆಯಾದಂತೆ ಕಾಣೆವು. ಏಕೆಂದರೆ ಅಲ್ಲಿಗೆ ಹೋಗುವವರಿಗೆ ಬೇಕಾದದ್ದು ಮೊದಲನೆಯದಾಗಿ ನಿಖರತೆಯಲ್ಲ. ಅವರಿಗೆ ಬೇಕಾದದ್ದು ಕಷ್ಟಕ್ಕೆ ಒಂದು ಕೊನೆಯ ತಾರೀಖು. ದಶೆ ಕೊಡುವುದು ಅದನ್ನೇ. ಇದು ಶನಿಯ ಕಾಲ, ಇಂಥ ತಿಂಗಳಲ್ಲಿ ಮುಗಿಯುತ್ತದೆ ಎಂದಾಗ, ಹೆಸರಿಲ್ಲದ ಸಂಕಟಕ್ಕೆ ಹೆಸರು ಬರುತ್ತದೆ, ಆದಿ ಅಂತ್ಯಗಳು ಬರುತ್ತವೆ. ಇನ್ನೊಂದು ಮಾತು: ಜೋಯಿಸರು ಮುಂದಿನದನ್ನು ಹೇಳುವ ಮೊದಲು ಹಿಂದಿನದನ್ನು ಕೇಳುತ್ತಾರೆ. ಇಂಥ ವರ್ಷ ತಂದೆ ತೀರಿಕೊಂಡರೇ, ಆ ಭುಕ್ತಿಯಲ್ಲಿ ಸ್ಥಳ ಬದಲಾಯಿತೇ ಎಂದು ಒಂದೊಂದಾಗಿ ಜೀವನದ ವರ್ಷಗಳನ್ನು ಎದುರಿಗೆ ಹರಡುತ್ತಾರೆ. ಒಂಬತ್ತೊಂಬತ್ತಲ ಎಂಬತ್ತೊಂದು ಭುಕ್ತಿಗಳೂ, ಪ್ರತಿ ಗ್ರಹಕ್ಕೆ ಹತ್ತಾರು ಕಾರಕತ್ವಗಳೂ ಇರುವಲ್ಲಿ ಯಾವ ಘಟನೆಗೂ ಮನೆ ಸಿಗದೆ ಹೋಗುವುದಿಲ್ಲವೆಂಬುದು ನಿಜ. ಆದರೂ ನಮ್ಮ ಸಭಿಕರಲ್ಲಿ ಅನೇಕರ ಬದುಕನ್ನು ಹುಟ್ಟಿನಿಂದ ಈವರೆಗೆ ಕ್ರಮವಾಗಿ ಕೇಳಿದವರು ಜೋಯಿಸರೊಬ್ಬರೇ ಎಂದರೆ ನಾವು ನಾಚಬೇಕು.

ಸಭೆಯ ಹಳೆಯ ಖಂಡನೆಗಳು ಈ ವಿಷಯವನ್ನು ಮುಟ್ಟುವುದು ಕಡಿಮೆ. ಆಗಸ್ಟಿನನು ಯೌವನದಲ್ಲಿ ಜ್ಯೋತಿಷ್ಯಕ್ಕೆ ಮರುಳಾಗಿದ್ದವನು; ವೃದ್ಧ ವೈದ್ಯನೊಬ್ಬನ ಬುದ್ಧಿವಾದಕ್ಕೂ ಜಗ್ಗದವನು. ತನ್ನ ಅರಿಕೆಗಳ ಏಳನೆಯ ಪುಸ್ತಕದಲ್ಲಿ ಅವನು ಹೇಳುವ ಫರ್ಮಿನಸನ ವೃತ್ತಾಂತ ಪ್ರಸಿದ್ಧ: ಒಂದೇ ಕ್ಷಣದಲ್ಲಿ ಯಜಮಾನನ ಮನೆಯಲ್ಲೊಂದು, ದಾಸಿಯ ಮನೆಯಲ್ಲೊಂದು ಮಗು ಹುಟ್ಟಿತು, ಒಬ್ಬನು ಸಿರಿವಂತನಾದನು, ಇನ್ನೊಬ್ಬನು ದಾಸನಾಗಿಯೇ ಉಳಿದನು. ದೇವರ ನಗರದ ಐದನೆಯ ಪುಸ್ತಕದಲ್ಲಿ ಏಸಾವ ಯಾಕೋಬರ ವಾದವಿದೆ. ಅವಳಿಗಳ ವಾದಕ್ಕೆ ನಮ್ಮ ದಶಾಜ್ಞರ ಬಳಿ ಉತ್ತರವುಂಟು. ಹತ್ತು ನಿಮಿಷದ ಅಂತರವೂ ಶನಿದಶೆಯ ಲೆಕ್ಕದಲ್ಲಿ ಒಂದೂವರೆ ತಿಂಗಳಾಗುತ್ತದೆ, ನವಾಂಶವೂ ಬದಲಾಗಬಹುದು ಎನ್ನುತ್ತಾರೆ. ಫರ್ಮಿನಸನ ವೃತ್ತಾಂತಕ್ಕೆ ಅಷ್ಟು ಸುಲಭವಾದ ಉತ್ತರವಿಲ್ಲ. ಆದರೆ ಆಗಸ್ಟಿನನ ಮುಖ್ಯ ಕಳವಳ ಪಾಪಕ್ಕೆ ಸಂಬಂಧಿಸಿದ್ದು: ಮನುಷ್ಯನು ತನ್ನ ಅಪರಾಧವನ್ನು ಶುಕ್ರನ ಮೇಲೋ ಶನಿಯ ಮೇಲೋ ಹೊರಿಸಿ ತಪ್ಪಿಸಿಕೊಳ್ಳುತ್ತಾನಲ್ಲಾ ಎಂಬುದು. 1549ರಲ್ಲಿ ಕ್ಯಾಲ್ವಿನನು ಫಲಜ್ಯೋತಿಷ್ಯದ ವಿರುದ್ಧ ಬರೆದಾಗಲೂ ಎದುರಿಗಿದ್ದವರು ಕುತೂಹಲಿಗಳಾದ ವಿದ್ಯಾವಂತರು. ನಮ್ಮ ಮುಂದೆ ಕುಳಿತ ತಾಯಿ ಪಾಪಕ್ಕೆ ನೆಪ ಹುಡುಕುತ್ತಿರಲಿಲ್ಲ, ಕುತೂಹಲವೂ ಅವರದಾಗಿರಲಿಲ್ಲ. ಯಾತನೆಗೆ ಗಡುವನ್ನು ಕೇಳುತ್ತಿದ್ದರು.

ಇನ್ನು ಜ್ಯೋತಿಷ್ಯವೆಂದರೆ ವಿಧಿವಾದವೆಂಬ ನಮ್ಮ ಕರಪತ್ರಗಳ ಆರೋಪ. ಇದೂ ಅರ್ಧಸತ್ಯ. ಪರಾಶರಹೋರೆಯ ದಶಾಫಲಾಧ್ಯಾಯಗಳಲ್ಲಿ ದುಷ್ಫಲವನ್ನು ಹೇಳಿದ ಕಡೆಯಲ್ಲೆಲ್ಲ ಜಪ, ದಾನ, ಶಾಂತಿಗಳನ್ನೂ ಹೇಳಿದೆ. ಕರಾವಳಿಯಲ್ಲಿ ಇಂದಿಗೂ ಕುಜರಾಹುಸಂಧಿ, ರಾಹುಬೃಹಸ್ಪತಿಸಂಧಿ, ಶುಕ್ರಾದಿತ್ಯಸಂಧಿ ಎಂದು ಒಂದು ದಶೆ ಕಳೆದು ಇನ್ನೊಂದು ಕೂಡುವ ಹೊತ್ತಿಗೆ ಶಾಂತಿ ಮಾಡಿಸುತ್ತಾರೆ. ಬದಲಿಸಲಾಗದ ವಿಧಿಯಾಗಿದ್ದರೆ ಶಾಂತಿ ಏತಕ್ಕೆ? ಆ ಶಾಸ್ತ್ರ ತಿಳಿದವರು ದಶೆಯನ್ನು ಪ್ರಾರಬ್ಧಕರ್ಮ ಹಣ್ಣಾಗುವ ಋತುಕ್ರಮವೆನ್ನುತ್ತಾರೆ. ಹೀಗಿರುವಲ್ಲಿ ನಮ್ಮ ಭಿನ್ನಾಭಿಪ್ರಾಯ ಬೇರೆಡೆಯಲ್ಲಿದೆ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಕೇಳುವುದು ಇಂಥದೇ ಪ್ರಶ್ನೆ, ಪಾಪ ಮಾಡಿದವರು ಯಾರೆಂದು. ಕರ್ತನು ಆ ಲೆಕ್ಕಪುಸ್ತಕವನ್ನು ತೆರೆಯುವುದೇ ಇಲ್ಲ. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಕೇಡು, ಆಶ್ಲೇಷೆಯವಳು ಅತ್ತೆಗೆ ಕೇಡು ಎಂಬ ಮಾತನ್ನು ನಂಬಿ ಹೆಣ್ಣುಮಕ್ಕಳನ್ನು ತಿರಸ್ಕರಿಸುವ ಮನೆಗಳ ಬಾಗಿಲಲ್ಲಿ ಈ ಅಧ್ಯಾಯವನ್ನು ಓದಬೇಕು. ಅಂಥ ಮನೆ ಸಭೆಯ ಹಿರಿಯರದಾಗಿದ್ದರೆ ಮೊದಲು ಅಲ್ಲಿ ಓದಬೇಕು.

ಸತ್ಯವೇದದ ಕನ್ನಡ ಭಾಷಾಂತರವನ್ನು ಓದುವವರಿಗೆ ಈ ವಿಷಯದಲ್ಲಿ ವಿಶೇಷವಾದ ಸಹಾಯವಿದೆ. ಮತ್ತಾಯನ ಎರಡನೆಯ ಅಧ್ಯಾಯದಲ್ಲಿ ಮೂಡಣದಿಂದ ಬಂದವರನ್ನು ನಮ್ಮ ಹಳೆಯ ಭಾಷಾಂತರಕಾರರು ಸಂಕೋಚವಿಲ್ಲದೆ ಜೋಯಿಸರೆಂದೇ ಕರೆದರು. ಆ ಅಧ್ಯಾಯವನ್ನು ಜ್ಯೋತಿಷ್ಯದ ಪರವಾಗಿ ಎತ್ತಿ ತೋರಿಸುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಜೋಯಿಸರನ್ನು ನಕ್ಷತ್ರವು ಒಂದು ಸ್ಥಳಕ್ಕೆ, ಒಂದು ಮಗುವಿನ ಬಳಿಗೆ ನಡೆಸಿತು. ನಕ್ಷತ್ರ ಕಾಣಿಸಿದ ಕಾಲ ಯಾವುದೆಂದು ಅವರನ್ನು ಗುಟ್ಟಾಗಿ ಕರೆಯಿಸಿ ಕೂಲಂಕಷವಾಗಿ ವಿಚಾರಿಸಿದವನು ಹೆರೋದನು. ಆ ಲೆಕ್ಕದ ಮೇಲೆಯೇ ಅವನು ಎರಡು ವರ್ಷದೊಳಗಿನ ಮಕ್ಕಳನ್ನು ಕೊಲ್ಲಿಸಿದನು. ಜನ್ಮಕಾಲದ ಲೆಕ್ಕ ಭಯಪಟ್ಟವನ ಕೈಗೆ ಸಿಕ್ಕರೆ ಮಕ್ಕಳಿಗೆ ಏನಾಗುತ್ತದೆಂಬುದನ್ನು ಸುವಾರ್ತಿಕನು ಅಲ್ಲಿ ಬರೆದಿಟ್ಟಿದ್ದಾನೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ದಿನ, ತಿಂಗಳು, ಕಾಲಗಳ ಆಚರಣೆಯನ್ನು ಪೌಲನು ಆಕ್ಷೇಪಿಸುವ ಸಂದರ್ಭದಲ್ಲಿ ಬರುವ ಬಾಲಬೋಧೆ ಎಂಬ ಅನುವಾದವೂ ಯೋಚಿಸತಕ್ಕದ್ದು. ಬಾಲಬೋಧೆ ಸುಳ್ಳಲ್ಲದಿರಬಹುದು, ಆದರೆ ಮಗನ ಹಕ್ಕು ಪಡೆದವನು ಮತ್ತೆ ಅಕ್ಷರಾಭ್ಯಾಸದ ಮಣೆಯ ಮೇಲೆ ಕುಳಿತುಕೊಳ್ಳುವುದು ಹಿಂದಕ್ಕೆ ಹೋದಂತೆಯೇ.

ಆದರೂ ಕ್ರೈಸ್ತರ ದೇವರು ತಾರೀಖು ಕೊಡುವುದೇ ಇಲ್ಲ ಎಂದು ಹೇಳಿಬಿಟ್ಟರೆ ಶಾಸ್ತ್ರಕ್ಕೆ ಅಪಚಾರವಾಗುತ್ತದೆ. ಕೊಟ್ಟ ಸಂದರ್ಭಗಳಿವೆ. ಹಿಜ್ಕೀಯನಿಗೆ ಹದಿನೈದು ವರ್ಷಗಳನ್ನು ಕೂಡಿಸಲಾಯಿತು. ಅದು ಗಣಿತದಿಂದ ಬಂದದ್ದಲ್ಲ, ಗೋಡೆಯ ಕಡೆಗೆ ತಿರುಗಿ ಅತ್ತವನ ಅಳುವಿಗೆ ಬಂದ ಉತ್ತರ. ನಮಗೆ ಇನ್ನೂ ಮುಖ್ಯವಾದದ್ದು ಯೆರೆಮೀಯನ ಇಪ್ಪತ್ತೆಂಟು, ಇಪ್ಪತ್ತೊಂಬತ್ತನೆಯ ಅಧ್ಯಾಯಗಳು. ಬಾಬೆಲಿನ ನೊಗ ಎರಡು ವರ್ಷದೊಳಗೆ ಮುರಿಯುವುದೆಂದು ಹನನ್ಯನು ದೇವಾಲಯದಲ್ಲಿ ಎಲ್ಲರೆದುರಿಗೆ ಸಾರುತ್ತಾನೆ. ಯೆರೆಮೀಯನು ಹಾಗೆಯೇ ಆಗಲೆಂದು ಹಾರೈಸುತ್ತಾನೆ. ಹಾರೈಸಿದರೂ, ಆಮೇಲೆ ಸೆರೆಯವರಿಗೆ ಬರೆದ ಪತ್ರದಲ್ಲಿ ಎಪ್ಪತ್ತು ವರ್ಷವೆನ್ನುತ್ತಾನೆ. ಸುಳ್ಳು ಪ್ರವಾದಿಯ ಗುರುತು ಇಲ್ಲಿ ತಾರೀಖು ಕೊಟ್ಟದ್ದಲ್ಲ, ಜನರು ಕೇಳಬಯಸಿದ ಸಮೀಪದ ತಾರೀಖನ್ನು ಕೊಟ್ಟದ್ದು. ಎಪ್ಪತ್ತು ವರ್ಷವೆಂದರೆ ಪತ್ರವನ್ನು ಓದಿಸಿ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಬಿಡುಗಡೆಯನ್ನು ಕಣ್ಣಾರೆ ಕಾಣುವುದಿಲ್ಲ ಎಂದರ್ಥ. ಅಂಥವರಿಗೆ ಹೇಳಿದ್ದೇನು? ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು. ಕಷ್ಟದ ಕಾಲವು ಮುಗಿಯುವ ತನಕ ಬದುಕನ್ನು ತಡೆಹಿಡಿಯಬೇಡಿರಿ ಎಂಬ ಈ ಮಾತಿಗೆ ದಶಾಪದ್ಧತಿಯಲ್ಲಿ ಸಮಾನವಾದದ್ದನ್ನು ನಾವು ಕಂಡಿಲ್ಲ. ಅಲ್ಲಿ ದುರ್ದಶೆಯೆಂದರೆ ಶುಭಕಾರ್ಯಗಳನ್ನು ಮುಂದೂಡುವ ಕಾಲ. ಇಲ್ಲಿ ಸೆರೆಯ ಕಾಲದಲ್ಲೇ ಮದುವೆಯ ಚಪ್ಪರ ಹಾಕಲು ಅಪ್ಪಣೆಯಾಗಿದೆ.

ಹನನ್ಯನ ಮಾತು ಬಂದದ್ದರಿಂದ ಒಂದು ಅಪ್ರಿಯ ಸತ್ಯವನ್ನು ಹೇಳಲೇಬೇಕು. ಮೂರು ತಿಂಗಳಲ್ಲಿ ನಿನ್ನ ಬಾಗಿಲು ತೆರೆಯುತ್ತದೆ, ಈ ವರ್ಷದೊಳಗೆ ತೊಟ್ಟಿಲು ತೂಗುತ್ತೀ, ಇಂಥ ತಿಂಗಳಿಗೆ ವೀಸಾ ಬರುತ್ತದೆ ಎಂದು ತಲೆಯ ಮೇಲೆ ಕೈಯಿಟ್ಟು ಹೇಳುವ ಪ್ರಾರ್ಥನಾಕೂಟಗಳು ಈಗ ನಮ್ಮ ಊರುಗಳಲ್ಲಿ ಬಹಳ. ಹೊಸ ವರ್ಷದ ರಾತ್ರಿ ಪೆಟ್ಟಿಗೆಯಿಂದ ವಾಗ್ದಾನದ ಚೀಟಿಯನ್ನೆತ್ತಿ, ಅದನ್ನು ಆ ವರ್ಷದ ಭವಿಷ್ಯವೆಂದು ಫ್ರಿಜ್ಜಿನ ಮೇಲೆ ಅಂಟಿಸುವುದನ್ನೂ ಕಂಡಿದ್ದೇವೆ. ಗ್ರಹದ ಹೆಸರನ್ನು ತೆಗೆದು ಆತ್ಮನ ಹೆಸರನ್ನು ಹಾಕಿದ ಮಾತ್ರಕ್ಕೆ ದಶಾಫಲವು ಪ್ರವಾದನೆಯಾಗದು. ಜೋಯಿಸರಾದರೂ ತಮ್ಮ ಲೆಕ್ಕವನ್ನು ಕಾಗದದ ಮೇಲೆ ತೋರಿಸುತ್ತಾರೆ; ಇವರು ಅದನ್ನೂ ತೋರಿಸುವುದಿಲ್ಲ. ಮಾತು ಫಲಿಸದಿದ್ದಾಗ ವಿಶ್ವಾಸ ಸಾಲದಾಯಿತೆಂದು ನೊಂದವರ ಮೇಲೆಯೇ ಹೊರಿಸುತ್ತಾರೆ.

ಹಾಗಾದರೆ ತಾರೀಖಿನ ಬದಲಿಗೆ ಸಭೆಯ ಬಳಿ ಏನಿದೆ? ಕಾಲಕ್ರಮ ಬೇರೆ, ದೇವರು ನೇಮಿಸಿದ ಸಮಯ ಬೇರೆ ಎಂದು ಎರಡು ಗ್ರೀಕ್ ಪದಗಳನ್ನು ಹೇಳಿ ಪ್ರಸಂಗವನ್ನು ಮುಗಿಸುವ ಪದ್ಧತಿ ನಮ್ಮಲ್ಲಿ ಸವೆದುಹೋಗಿದೆ. ಪದಭೇದದಿಂದ ಯಾರ ಕಣ್ಣೀರೂ ಒಣಗಿದ್ದನ್ನು ಕಾಣೆವು. ಅದಕ್ಕಿಂತ ಹದಿಮೂರನೆಯ ಕೀರ್ತನೆಗೆ ಹೋಗುವುದು ಲೇಸು. ಅಲ್ಲಿ ಎಷ್ಟರವರೆಗೆ ಎಂಬ ಪ್ರಶ್ನೆ ನಾಲ್ಕು ಸಾರಿ ಬರುತ್ತದೆ. ತಾಯಿ ಕೇಳಿದ ಪ್ರಶ್ನೆಯೂ ಅದೇ, ಅಕ್ಷರಶಃ. ಕೀರ್ತನೆಯಲ್ಲಿ ಅದಕ್ಕೆ ತಾರೀಖಿನ ಉತ್ತರ ಬರುವುದಿಲ್ಲ. ಪ್ರಕಟನೆಯ ಆರನೆಯ ಅಧ್ಯಾಯದಲ್ಲಿ ಯಜ್ಞವೇದಿಯ ಕೆಳಗಿರುವ ಹತಸಾಕ್ಷಿಗಳು ಅದನ್ನೇ ಕೇಳಿದಾಗಲೂ ಇನ್ನು ಸ್ವಲ್ಪ ಕಾಲವೆಂಬುದರ ಹೊರತು ಲೆಕ್ಕ ಸಿಗುವುದಿಲ್ಲ. ಬಿಳೀ ನಿಲುವಂಗಿ ಸಿಗುತ್ತದೆ. ಆದರೆ ಆ ಪ್ರಶ್ನೆಯನ್ನು ಕೇಳುವುದಕ್ಕೆ ಅಲ್ಲಿ ಒಬ್ಬನಿದ್ದಾನೆ. ದಶಾಪಟ್ಟಿಯಲ್ಲಿ ಆದಿಯಿದೆ, ಅಂತ್ಯವಿದೆ, ಅಧಿಪತಿಯಿದ್ದಾನೆ. ಎಷ್ಟರವರೆಗೆ ಎಂದು ಅವನ ಮುಖ ನೋಡಿ ಜಗಳವಾಡುವಂತಿಲ್ಲ. ಶನಿಗೆ ಎಳ್ಳೆಣ್ಣೆ ಕೊಡಬಹುದು, ಶನಿಯನ್ನು ನ್ಯಾಯಕ್ಕೆಳೆಯಲಾಗದು. ಯೋಬನು ಮೂರನೆಯ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನು, ಅದರ ಮುಂಬೆಳಗಿನ ನಕ್ಷತ್ರಗಳನ್ನು ಸಹ ಶಪಿಸುತ್ತಾನೆ. ದೇವರನ್ನು ವಾದಕ್ಕೆ ಕರೆಯುತ್ತಾನೆ. ಕೊನೆಗೆ ಬಿರುಗಾಳಿಯೊಳಗಿಂದ ಬಂದ ಮಾತು ಕೃತ್ತಿಕೆಯನ್ನೂ ಮೃಗಶಿರವನ್ನೂ ಹೆಸರಿಸುತ್ತದೆ. ವಿಂಶೋತ್ತರಿಯಲ್ಲಿ ಸೂರ್ಯದಶೆಯನ್ನೂ ಕುಜದಶೆಯನ್ನೂ ತರುವ ನಕ್ಷತ್ರಗಳವು. ಅವುಗಳನ್ನು ಕಟ್ಟುವವನೂ ಬಿಚ್ಚುವವನೂ ಯಾರೆಂಬ ಪ್ರಶ್ನೆ ಯೋಬನ ದುಃಖಕ್ಕೆ ಕಾರಣವನ್ನಾಗಲಿ ಗಡುವನ್ನಾಗಲಿ ಕೊಡುವುದಿಲ್ಲ. ಆದರೆ ಮಾತನಾಡಿದವನು ಬಂದು ಮಾತನಾಡಿದನು.

ಮನೆಗೆ ಜಾತಕ ಬಂದರೆ ಸುಡಿಸುವ ಸಭಾಪಾಲಕರಿದ್ದಾರೆ. ನಾವು ಈಗ ಹಾಗೆ ಸಲಹೆ ಕೊಡುವುದಿಲ್ಲ. ಕಾಗದ ಸುಟ್ಟರೂ ತಾರೀಖು ತಾಯಿಯ ಮನಸ್ಸಿನಲ್ಲಿ ಉಳಿಯುತ್ತದೆ. ಅದರ ಬದಲು ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು, ಒಂದೊಂದು ವರ್ಷ ಏನಾಯಿತೆಂದು ಕೇಳಿ, ಪೂರ್ತಿ ಕೇಳಿದ ಮೇಲೆ ಅದೇ ವರ್ಷಗಳನ್ನು ಹೆಸರಿಸಿ ದೇವರೆದುರಿಗೆ ಪ್ರಲಾಪಿಸಬಹುದು. ಸಭೆಯ ಆರಾಧನೆಯಲ್ಲಿ ಅಂಥ ಪ್ರಲಾಪಕ್ಕೆ ಸ್ಥಳವಿಲ್ಲದಿದ್ದರೆ ಸ್ಥಳ ಮಾಡಬಹುದು. ನಕ್ಷತ್ರದ ಸುದ್ದಿ ಕೇಳಿ ಹಿಂದೆ ಸರಿದ ಗಂಡಿನವರ ಮನೆಗೆ ಹೋಗಿ ಮಾತನಾಡುವ ಕೆಲಸವೂ ಸಭಾಪಾಲಕರದೇ. ಅಂದು ನಾವು ಅದನ್ನು ಮಾಡಲಿಲ್ಲ. ಇನ್ನೊಂದು ಕೆಲಸ ದಿನಚರಿಯಲ್ಲಿ ಗುರುತು ಹಾಕಿಕೊಳ್ಳಬೇಕಾದದ್ದು. ಭುಕ್ತಿ ಮುಗಿಯುವುದೆಂದು ಹೇಳಿದ ತಾರೀಖು ಬರುತ್ತದೆ. ಆ ದಿನ ಏನೂ ಬದಲಾಗದೆಯೂ ಇರಬಹುದು. ಹನ್ನೊಂದು ತಿಂಗಳು ಕಾದ ತಾಯಿ ಆ ಸಂಜೆ ಮಗಳ ಎದುರಿಗೆ ಒಬ್ಬರೇ ಕುಳಿತಿರಬಾರದು. ಆಹ್ವಾನಕ್ಕೆ ಕಾಯದೆ ಆ ದಿನ ಆ ಮನೆಗೆ ಹೋಗಬೇಕು.